ಮಗನ ತೂಕ ಇಳಿಸಲು ಹೋಗಬೇಡಿ, ಎತ್ತರ ಬರುವ ತನಕ ಹಿಡಿದಿಡಿ

ಪ್ರಶ್ನೆ: ನಾವು ದಾವಣಗೆರೆಯವರು. ಮಗನಿಗೆ 10 ವರ್ಷ, ಐದನೇ ಕ್ಲಾಸ್. ಎತ್ತರ 138 ಸೆಂ.ಮೀ., ತೂಕ 45 ಕೆ.ಜಿ. ಎರಡು ವರ್ಷದ ಹಿಂದೆ ಸರಿಯಾಗೇ ಇದ್ದ. ಬೆಳಿಗ್ಗೆ ಏಳಕ್ಕೆ ಎದ್ದು ಎಂಟಕ್ಕೆ ವ್ಯಾನ್ ಹತ್ತುತ್ತಾನೆ. ಸಂಜೆ ನಾಲ್ಕೂವರೆಗೆ ಬಂದು ಪಫ್ ಅಥವಾ ಬಿಸ್ಕೆಟ್ ತಿಂದು, ಐದೂವರೆಗೆ ಟ್ಯೂಷನ್. ಏಳೂವರೆಗೆ ವಾಪಸ್, ಆಮೇಲೆ ಹೋಂವರ್ಕ್. ಟಿವಿ ಮುಂದೆ ಒಂಬತ್ತೂವರೆಗೆ ಊಟ, ಹನ್ನೊಂದಕ್ಕೆ ನಿದ್ದೆ. ದಿನಕ್ಕೆ ಎರಡು ಸಲ ಹಾಲಿಗೆ ಪುಡಿ, ಸಕ್ಕರೆ ಹಾಕಿ ಕೊಡುತ್ತೇವೆ. ಮನೆಯಲ್ಲಿ ಅತ್ತೆ ಸೇರಿ ಐದು ಜನ, ಮೊಟ್ಟೆಯೂ ತಿನ್ನುವುದಿಲ್ಲ. ಮಗಳು ಸಣಕಲು. ಮಗನಿಗೆ ಥೈರಾಯ್ಡ್ ಇರಬಹುದಾ? ರಾತ್ರಿ ಊಟ ಬಿಡಿಸಲಾ? ಜಿಮ್‌ಗೆ ಸೇರಿಸಲಾ? ಬೆಣ್ಣೆ ದೋಸೆ ಪೂರ್ತಿ ಬಂದ್ ಮಾಡಬೇಕಾ? ಮೊನ್ನೆ ಅವನು ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದದ್ದು ನೋಡಿ ಕರುಳು ಚುರ್ ಅಂತು.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಹುಡುಗನಿಗೆ ತನ್ನ ಮೈ ಬಗ್ಗೆ ಆಗಲೇ ನಾಚಿಕೆ ಶುರುವಾಗಿದೆ. ಹಾಗಾಗಿ ನಾವು ಏನೇ ಮಾಡಿದರೂ ಅದು ಅವನಿಗೆ ಶಿಕ್ಷೆ ಅನ್ನಿಸಬಾರದು. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಲೆಕ್ಕ. 45 ಕೆ.ಜಿ., 138 ಸೆಂ.ಮೀ. ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ) 23.6. ದೊಡ್ಡವರಿಗಾದರೆ ಇದು ಅಂಥ ಗಾಬರಿಯ ಅಂಕಿ ಅಲ್ಲ, ಆದರೆ ಮಕ್ಕಳ ಲೆಕ್ಕವೇ ಬೇರೆ, ವಯಸ್ಸಿಗೆ ತಕ್ಕಂತೆ ಗೆರೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ಪ್ರಕಾರ 10 ವರ್ಷದ ಹುಡುಗನಿಗೆ 18.5 ದಾಟಿದರೆ ಹೆಚ್ಚು ತೂಕ, 21.4 ದಾಟಿದರೆ ಬೊಜ್ಜು. ಅಂದರೆ ನಿಮ್ಮ ಮಗ ಎರಡನೇ ಗೆರೆಯನ್ನೂ ದಾಟಿದ್ದಾನೆ. 'ಬೆಳೆಯೋ ಮಕ್ಕಳು, ತಾನೇ ಇಳಿಯುತ್ತೆ ಬಿಡಿ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏನೂ ಬದಲಿಸದೆ ಹಾಗೇ ಬಿಟ್ಟರೆ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಇಳಿಯುವುದಿಲ್ಲ.

ಇನ್ನು ಸಮಾಧಾನದ ಲೆಕ್ಕ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ. ಮುಂದಿನ ಹುಟ್ಟುಹಬ್ಬಕ್ಕೆ ಅವನು 143 ಸೆಂ.ಮೀ. ಆಗಿ, ತೂಕ ಇದೇ 45ರಲ್ಲಿ ನಿಂತಿದ್ದರೆ ಬಿಎಂಐ 22ಕ್ಕೆ ಬರುತ್ತದೆ. 11 ವರ್ಷಕ್ಕೆ ಬೊಜ್ಜಿನ ಗೆರೆ 22.5. ಒಂದು ಕೆ.ಜಿ.ಯೂ ಇಳಿಸದೆ ಗೆರೆಯ ಕೆಳಗೆ ಬಂದಾಯಿತು! ಇನ್ನೂ ಒಂದು ವರ್ಷ ಹೀಗೇ ಹಿಡಿದಿಟ್ಟರೆ 20.5ರ ಹತ್ತಿರ. 12 ವರ್ಷಕ್ಕೆ 19.9ರ ಒಳಗಿದ್ದರೆ ಸರಿ ತೂಕ, ಅಲ್ಲಿಗೆ ಇನ್ನು ಒಂದು ಹೆಜ್ಜೆ ಅಷ್ಟೇ. ಮಕ್ಕಳಿಗೆ ಮಾತ್ರ ಸಿಗುವ ಅನುಕೂಲ ಇದು, ನಿಮಗೂ ನನಗೂ ಇಲ್ಲ. ನಡುವೆ ಒಂದೆರಡು ಕೆ.ಜಿ. ಏರಿದರೂ ಆಕಾಶ ಬೀಳುವುದಿಲ್ಲ, ಎತ್ತರ ಅದಕ್ಕಿಂತ ಬೇಗ ಏರುತ್ತಿದೆಯಾ ಅಂತ ನೋಡಿ.

ಅದಕ್ಕೇ ರಾತ್ರಿ ಊಟ ಬಿಡಿಸುವ ಯೋಚನೆಯನ್ನು ಇವತ್ತೇ ಬಿಡಿ. ಹಸಿದ ಮಗು ಹತ್ತು ಗಂಟೆಗೆ ಡಬ್ಬಿ ಹುಡುಕುತ್ತದೆ, ಕದ್ದು ತಿನ್ನುವುದನ್ನು ಕಲಿಯುತ್ತದೆ, ಬೆಳೆಯಬೇಕಾದ ಎತ್ತರಕ್ಕೂ ಪೆಟ್ಟು ಬೀಳುತ್ತದೆ.

ಥೈರಾಯ್ಡ್ ವಿಷಯಕ್ಕೆ ಬರೋಣ, ಇದನ್ನು ಕೇಳದ ಅಪ್ಪ-ಅಮ್ಮ ಇಲ್ಲ. ಥೈರಾಯ್ಡ್ ಅಥವಾ ಬೇರೆ ಹಾರ್ಮೋನ್ ತೊಂದರೆಯಿಂದ ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ಕುಳ್ಳಗೇ ಉಳಿಯುತ್ತಾರೆ, ಎತ್ತರ ನಿಂತುಹೋಗುತ್ತದೆ. ಹೋದ ವರ್ಷದ ಪ್ಯಾಂಟ್ ಉದ್ದದಲ್ಲೂ ಗಿಡ್ಡವಾಗುತ್ತಿದೆಯಾ? ಹಾಗಿದ್ದರೆ ಹಾರ್ಮೋನ್ ದೋಷದ ಸಾಧ್ಯತೆ ತೀರಾ ಕಡಿಮೆ. ಅವನ ಎತ್ತರ 10 ವರ್ಷಕ್ಕೆ ಸರಿಯಾಗೇ ಇದೆ. ಒಂದು ಮಾತು ಮಾತ್ರ: ಉಬ್ಬಸಕ್ಕೋ ಚರ್ಮಕ್ಕೋ ಅಂತ ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ಕೊಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಆದರೂ ಮಕ್ಕಳ ವೈದ್ಯರ ಹತ್ತಿರ ಒಂದು ಸಲ ಹೋಗಿಯೇ ಬನ್ನಿ. ಬಿಪಿ ನೋಡಿಸಬೇಕು, ಅವನ ತೋಳಿಗೆ ಸರಿಹೊಂದುವ ಪಟ್ಟಿ ಕಟ್ಟಿಯೇ ನೋಡಬೇಕು. ಸಕ್ಕರೆ, ಕೊಬ್ಬು, ಲಿವರ್‌ನ ಎಸ್‌ಜಿಪಿಟಿ, ಇಷ್ಟು ರಕ್ತ ಪರೀಕ್ಷೆ ಸಾಕು. ಲಿವರ್ ಯಾಕೆ ಅಂದರೆ, ಕುಡಿಯದ ಪುಟ್ಟ ಮಕ್ಕಳಲ್ಲೂ ಲಿವರ್‌ಗೆ ಕೊಬ್ಬು ತುಂಬುವುದನ್ನು ನಾವು ನೋಡುತ್ತಿದ್ದೇವೆ. ನೀವೂ ಮನೆಯಲ್ಲಿ ಒಂದಿಷ್ಟು ಗಮನಿಸಿ. ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ, ಎತ್ತರದ ಅರ್ಧ ಅಂದರೆ 69 ಸೆಂ.ಮೀ. ದಾಟಬಾರದು. ಗೊರಕೆ ಹೊಡೆಯುತ್ತಾನಾ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದಾ ನೋಡಿ. ಆಮೇಲೆ ಕತ್ತಿನ ಹಿಂಭಾಗ. ಅಲ್ಲಿ ಚರ್ಮ ಕಪ್ಪಗೆ, ಮುಟ್ಟಿದರೆ ವೆಲ್ವೆಟ್ ಬಟ್ಟೆಯ ಹಾಗೆ ದಪ್ಪ ಅನ್ನಿಸಿದರೆ ಅದು ಕೊಳೆ ಅಲ್ಲ. ನನ್ನ ಹತ್ತಿರ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು, ಕತ್ತು ಕೆಂಪಗೆ ಸುಲಿದುಹೋಗಿತ್ತು. ಸ್ನಾನ ಮಾಡಿಸುವಾಗ ದಿನಾ ನಿಂಬೆಹಣ್ಣು, ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದರಂತೆ, ಹುಡುಗಿ ಅಳುತ್ತಾ ಕೂತಿರುತ್ತಿದ್ದಳಂತೆ. ಮೈಯಲ್ಲಿ ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ಚರ್ಮ ಕೊಡುವ ಸೂಚನೆ ಅದು. ಉಜ್ಜಿದರೆ ಹೋಗುವುದಿಲ್ಲ, ತೂಕ ಹಿಡಿತಕ್ಕೆ ಬಂದರೆ ನಿಧಾನವಾಗಿ ತಿಳಿಯಾಗುತ್ತದೆ.

ಈಗ ಅಡುಗೆಮನೆ. ನಾನು ಯಾವಾಗಲೂ ಕುಡಿಯುವುದರಿಂದ ಶುರು ಮಾಡಿಸುತ್ತೇನೆ, ಯಾಕೆಂದರೆ ಅದನ್ನು ಬದಲಿಸುವುದು ಸುಲಭ, ಫಲವೂ ಬೇಗ. ನಿಮ್ಮ ಹಾಲಿನ ಲೋಟವನ್ನೇ ತೆಗೆದುಕೊಳ್ಳಿ. ಹಾಲಿಗೆ ಹಾಕುವ ಪುಡಿಗಳಲ್ಲಿ ಕೆಲವದರಲ್ಲಿ 100 ಗ್ರಾಂಗೆ 30 ಗ್ರಾಂ ಮೀರಿ ಸಕ್ಕರೆ ಇರುತ್ತದೆ. ಡಬ್ಬಿ ತಿರುಗಿಸಿ ಓದಿ. ಒಂದು ಲೋಟಕ್ಕೆ 20 ಗ್ರಾಂ ಪುಡಿ ಅಂದರೆ 6 ಗ್ರಾಂ ಸಕ್ಕರೆ, ಮೇಲೆ ನೀವು ಹಾಕುವ ಎರಡು ಚಮಚ ಅಂದರೆ ಇನ್ನೊಂದು 8-10 ಗ್ರಾಂ. ದಿನಕ್ಕೆ ಎರಡು ಲೋಟಕ್ಕೆ 30 ಗ್ರಾಂ ಆಯಿತು. ಅವನ ವಯಸ್ಸಿಗೆ ದಿನವಿಡೀ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದು, 50 ಅಂತೂ ದಾಟಲೇಬಾರದು. ಇಲ್ಲಿ ಹಾಲಿನಲ್ಲೇ 30 ಆಗಿಹೋಯಿತು. ಇದರ ಜೊತೆ ಎಂದಾದರೂ ಮಾವಿನ ಪಾನೀಯದ ಪುಟ್ಟ ಪೊಟ್ಟಣ ಸೇರಿದರೆ ಇನ್ನೂ 20-25. 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಲ್ಲಿ ಇಡಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು, ನೆನಪಿದೆ ಅಲ್ವಾ?

ಪುಡಿಯನ್ನು ಒಂದೇ ದಿನಕ್ಕೆ ನಿಲ್ಲಿಸಿದರೆ ಅವನು ಹಾಲನ್ನೇ ಬಿಡುತ್ತಾನೆ. ಮೊದಲ ವಾರ ಸಕ್ಕರೆ ಎರಡು ಚಮಚದಿಂದ ಒಂದೂವರೆ, ಆಮೇಲೆ ಒಂದು, ಅರ್ಧ. ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ. ಸಕ್ಕರೆ ಹೋದಮೇಲೆ ಪುಡಿ ಅರ್ಧ ಮಾಡಿ, ಏಲಕ್ಕಿ ಅಥವಾ ಚಿಟಿಕೆ ಅರಿಶಿನ ಹಾಕಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂದುಕೊಳ್ಳಬೇಡಿ, ಅದೂ ಸಕ್ಕರೆಯೇ. ದಿನಕ್ಕೆ ಎರಡು ಲೋಟ ಹಾಲು ಸಾಕು. ಬಾಯಾರಿದರೆ ನೀರು, ಮಜ್ಜಿಗೆ. ಜ್ಯೂಸ್ ಬದಲು ಹಣ್ಣನ್ನೇ ಕೈಗೆ ಕೊಡಿ, ಕಚ್ಚಿ ತಿನ್ನಲಿ.

ಎರಡನೆಯದು ಸಂಜೆ ನಾಲ್ಕೂವರೆ. ನಿಮ್ಮ ಮಗನ ದಿನದಲ್ಲಿ ಅತಿ ಮುಖ್ಯವಾದ ಹೊತ್ತು ಇದು. ಹನ್ನೆರಡೂವರೆಗೋ ಒಂದಕ್ಕೋ ಡಬ್ಬಿ ತಿಂದ ಹುಡುಗ ವ್ಯಾನ್ ಇಳಿಯುವಾಗ ನಿಜವಾಗಿ ಹಸಿದಿರುತ್ತಾನೆ, ಅದು ಆಸೆಬುರುಕತನ ಅಲ್ಲ. ಆ ಹಸಿವಿಗೆ ಕೈಗೆ ಏನು ಸಿಗುತ್ತದೋ ಅದನ್ನೇ ತಿನ್ನುತ್ತಾನೆ. ಆರು ಗ್ಲೂಕೋಸ್ ಬಿಸ್ಕೆಟ್‌ನಲ್ಲಿ ಇರುವಷ್ಟೇ ಕ್ಯಾಲೋರಿ ಸುಮಾರು ಒಂದು ಜೋಳದ ರೊಟ್ಟಿಯಲ್ಲಿದೆ. ಬಿಸ್ಕೆಟ್ ಹಾಲಿನಲ್ಲಿ ಅದ್ದಿ ಎರಡು ನಿಮಿಷಕ್ಕೆ ಮುಗಿಯುತ್ತದೆ, ಇನ್ನೂ ಬೇಕು ಅನ್ನಿಸುತ್ತದೆ. ರೊಟ್ಟಿಗೆ ಹೆಸರುಕಾಳು ಪಲ್ಯ ಸುತ್ತಿ ಕೊಟ್ಟು ನೋಡಿ, ರಾತ್ರಿಯ ತನಕ ಕೇಳುವುದಿಲ್ಲ. ಬೆಳಿಗ್ಗೆಯೇ ಮಡಕೆಕಾಳು, ಕಡಲೆಕಾಳು ಬೇಯಿಸಿಟ್ಟರೆ ಸಂಜೆ ಈರುಳ್ಳಿ, ನಿಂಬೆ ಹಿಂಡಿ ಕೊಡಬಹುದು. ನಿಮ್ಮೂರಲ್ಲಿ ಮಂಡಕ್ಕಿಗೇನು ಬರವಾ? ಮಂಡಕ್ಕಿ ಹಗುರ, ಅದಕ್ಕೆ ಹುರಿಗಡಲೆ, ಶೇಂಗಾ, ಸೌತೆಕಾಯಿ, ಟೊಮೆಟೊ, ಒಂದು ಚಮಚ ಒಗ್ಗರಣೆ ಸಾಕು. ಪಕ್ಕದಲ್ಲಿ ಬರುವ ಮಿರ್ಚಿ ಬಜ್ಜಿಯಲ್ಲಿ ಇರುವುದು ತೊಂದರೆ. ಮೊಟ್ಟೆ ಇಲ್ಲದ ಮನೆಯಲ್ಲಿ ಕಾಳು, ಬೇಳೆ, ಮೊಸರು, ಆಗಾಗ ಪನೀರ್ ಅಥವಾ ಸೋಯಾ ಪ್ರತಿ ಊಟದಲ್ಲೂ ಯಾವುದಾದರೊಂದು ಇರಲೇಬೇಕು. ಹೊಟ್ಟೆ ತುಂಬಿದ ಭಾವನೆ ಹೆಚ್ಚು ಹೊತ್ತು ನಿಲ್ಲುವುದು ಅದರಿಂದಲೇ.

ಎಣ್ಣೆಯ ವಿಷಯ ನೀವು ಬರೆದಿಲ್ಲ, ಆದರೆ ಕೇಳಲೇಬೇಕು. ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ? ಐದು ಜನರ ಮನೆಗಳಲ್ಲಿ 5 ಲೀಟರ್ ಕ್ಯಾನ್ ಒಂದು ತಿಂಗಳಿಗೆ ಖಾಲಿ ಆಗುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ತಲೆಗೆ ದಿನಕ್ಕೆ 33 ಎಂಎಲ್ ಆಯಿತು, ಅದೊಂದರಿಂದಲೇ 270ರಷ್ಟು ಕ್ಯಾಲೋರಿ. 3 ಲೀಟರ್‌ಗೆ ಇಳಿಸಿದರೆ ಪ್ರತಿಯೊಬ್ಬರಿಗೂ ದಿನಕ್ಕೆ ನೂರು ಕ್ಯಾಲೋರಿ ಉಳಿಯುತ್ತದೆ, ಯಾರ ತಟ್ಟೆಯಿಂದಲೂ ಒಂದು ತುತ್ತು ತೆಗೆದ ಹಾಗೆ ಕಾಣುವುದಿಲ್ಲ. ಇದಕ್ಕೆ ನಾನು ಹೇಳಿಕೊಡುವ ಉಪಾಯ ಸುಲಭ. ಒಂದು ಲೀಟರ್ ಬಾಟಲಿಗೆ ಎಣ್ಣೆ ಸುರಿದು, ಹತ್ತು ದಿನ ಬರಬೇಕು ಅಂತ ಮಾರ್ಕರ್‌ನಲ್ಲಿ ಹತ್ತು ಗೆರೆ ಎಳೆಯಿರಿ. ಬಾಣಲೆಗೆ ಬಾಟಲಿಯಿಂದ ನೇರ ಸುರಿಯಬೇಡಿ, ಚಮಚದಲ್ಲೇ ಹಾಕಿ. ಎಷ್ಟೋ ಮನೆಗಳಲ್ಲಿ ಮೊದಲ ಬಾಟಲಿ ಆರನೇ ದಿನಕ್ಕೇ ಮುಗಿಯುತ್ತದೆ. ಮುಗಿಯಲಿ, ಎರಡನೆಯದು ಏಳು-ಎಂಟಕ್ಕೆ ಬರುತ್ತದೆ, ಮೂರನೆಯದರ ಹೊತ್ತಿಗೆ ಕೈ ಪಳಗಿರುತ್ತದೆ.

ಊಟದ ತಟ್ಟೆಯಲ್ಲಿ ಒಂದೇ ಬದಲಾವಣೆ. ನಾವು ರೊಟ್ಟಿಗೆ ಅಂತ ಪಲ್ಯ ಹಾಕಿಕೊಳ್ಳುತ್ತೇವೆ, ಪಲ್ಯಕ್ಕೆ ಅಂತ ರೊಟ್ಟಿ ಹಾಕಿಕೊಳ್ಳಬೇಕು. ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಕೋಸಂಬರಿ, ಸೊಪ್ಪು. ಆಮೇಲೆ ರೊಟ್ಟಿ, ಅನ್ನ, ಸಾರು. ಅನ್ನ ಬಿಡಿಸಬೇಕಿಲ್ಲ, ಮುದ್ದೆ ಆದರೆ ಎಷ್ಟು ಬೇಕಾದರೂ ತಿನ್ನಬಹುದು ಅಂತಲೂ ಇಲ್ಲ. ಎರಡನೇ ಸಲ ಅನ್ನ ಕೇಳಿದರೆ ಬೇಡ ಅನ್ನಬೇಡಿ, 'ಹತ್ತು ನಿಮಿಷ ಮಾತಾಡೋಣ ಕೂತ್ಕೋ, ಆಮೇಲೂ ಬೇಕಾದ್ರೆ ಹಾಕ್ತೀನಿ' ಅನ್ನಿ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಹದಿನೈದು-ಇಪ್ಪತ್ತು ನಿಮಿಷ ಬೇಕು. ಟಿವಿ ಮುಂದೆ ಆ ಸುದ್ದಿ ಮುಟ್ಟುವುದೇ ಇಲ್ಲ. ಊಟ ಎಂಟು, ಎಂಟೂವರೆಗೆ ಆಗಲಿ, ಟಿವಿ ಆರಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು. ಅಪ್ಪನ ಫೋನ್ ಕೂಡ ದೂರ ಇರಲಿ.

ಮಲಗುವುದು ಹತ್ತಕ್ಕೆ, ಸಾಧ್ಯವಾದರೆ ಒಂಬತ್ತೂವರೆಗೆ. ಈ ವಯಸ್ಸಿಗೆ 9ರಿಂದ 12 ತಾಸು ನಿದ್ದೆ ಬೇಕು, ಅವನಿಗೆ ಸಿಗುತ್ತಿರುವುದು 8. ನಿದ್ದೆ ಕಡಿಮೆಯಾದ ಮರುದಿನ ಹಸಿವು ಜಾಸ್ತಿ, ಅದರಲ್ಲೂ ಸಿಹಿ, ಕರಿದದ್ದೇ ಬೇಕು ಅನ್ನಿಸುತ್ತದೆ. ನಿಮಗೇ ಗೊತ್ತಿರುತ್ತದೆ.

ಅತ್ತೆಯ ಬಗ್ಗೆ ನೀವು ಒಂದೇ ಮಾತು ಬರೆದು ಸುಮ್ಮನಾಗಿದ್ದೀರಿ. ಅಜ್ಜಿಯರ ಕಾಲದಲ್ಲಿ ತೆಳ್ಳಗಿನ ಮಗು ಅಂದರೆ ಕಾಯಿಲೆಯ ಭಯ, ದುಂಡಗಿದ್ದರೆ ಉಳಿಯುತ್ತದೆ ಎಂಬ ಧೈರ್ಯ. ಆ ಭಯ ಸುಳ್ಳಾಗಿರಲಿಲ್ಲ. ಕಾಲ ಎಷ್ಟು ಬದಲಾಗಿದೆ ಅಂದರೆ, 2025ರಲ್ಲಿ ಯುನಿಸೆಫ್ ಹೇಳಿದ ಪ್ರಕಾರ 5ರಿಂದ 19 ವರ್ಷದವರಲ್ಲಿ ಬೊಜ್ಜಿರುವವರ ಪ್ರಮಾಣ ಮೊದಲ ಸಲ ತೂಕ ಕಡಿಮೆ ಇರುವವರನ್ನು ದಾಟಿದೆ, 9.4ಕ್ಕೆ 9.2 ಶೇಕಡಾ. ಅತ್ತೆಯನ್ನು ದೂರಬೇಡಿ, ಅವರಿಗೆ ಕೆಲಸ ಕೊಡಿ. ಸಂಜೆಯ ಕಾಳು, ಮಂಡಕ್ಕಿಯ ಉಸ್ತುವಾರಿ ಅವರದ್ದೇ ಇರಲಿ. ಅವರ ಪ್ರೀತಿಗೆ ಒಂದು ದಾರಿ ಬೇಕು, ಉಂಡೆ ಬಿಟ್ಟು ಬೇರೆ ದಾರಿ ತೋರಿಸಿದರೆ ಹೆಚ್ಚಿನವರು ಖುಷಿಯಿಂದ ಮಾಡುತ್ತಾರೆ.

ಸಣಕಲು ಮಗಳಿಗೂ ಇದೇ ಊಟ, ಇದೇ ನಿಯಮ. ತಂಗಿಗೆ ಚಿಪ್ಸ್, ಅಣ್ಣನಿಗೆ ಸೌತೆಕಾಯಿ ಅಂತ ಆದರೆ ಕೆಲಸ ಕೆಟ್ಟಿತು. ಅವಳಿಗೆ ಜಾಸ್ತಿ ಬೇಕಿದ್ದರೆ ಇನ್ನೊಂದು ರೊಟ್ಟಿ, ಶೇಂಗಾ, ಬಾಳೆಹಣ್ಣು, ಮೊಸರು ಕೊಡಿ. ಚಿಪ್ಸ್, ಮಿಕ್ಸ್ಚರ್ ಮನೆಗೆ ತರುವುದನ್ನೇ ನಿಲ್ಲಿಸಿ. ಡಬ್ಬಿಯಲ್ಲಿಟ್ಟು 'ಮುಟ್ಟಬೇಡ' ಅನ್ನುವುದು ದೊಡ್ಡವರಿಂದಲೇ ಆಗದ ಕೆಲಸ, ಹತ್ತು ವರ್ಷದ ಹುಡುಗನಿಂದ ಯಾಕೆ ಬಯಸಬೇಕು?

ಈಗ ಆಟ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಅವನಿಗೆ ಖರ್ಚಾಗುವುದು ನೂರು ಕ್ಯಾಲೋರಿಗಿಂತ ಕಡಿಮೆ, ಒಂದು ಬೇಕರಿ ಪಫ್ ಅದರ ಎರಡು-ಮೂರು ಪಟ್ಟು. ಹಾಗಾಗಿ ತಿಂದದ್ದನ್ನು ಓಡಿ ಕರಗಿಸುವ ಲೆಕ್ಕ ಹಿಡಿಯಬೇಡಿ, ಅವನಿಗಂತೂ ಹೇಳಲೇಬೇಡಿ. ಆಟ ಬೇಕಾಗಿರುವುದು ಬೇರೆ ಕಾರಣಕ್ಕೆ. ಓಡಾಡುವ ಸ್ನಾಯು ಸಕ್ಕರೆಯನ್ನು ಸುಲಭವಾಗಿ ಬಳಸಿಕೊಳ್ಳುತ್ತದೆ, ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ತನ್ನ ಮೈ ಏನಾದರೂ ಮಾಡಬಲ್ಲದು ಎಂಬ ಧೈರ್ಯ ಬರುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಇವೆಲ್ಲ ಆಗುತ್ತವೆ.

ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ಈಗ ಅದು ಸೊನ್ನೆ. ಟ್ಯೂಷನ್ ಐದೂವರೆಯಿಂದ ಆರೂವರೆಗೆ ತಳ್ಳಲು ಆಗುತ್ತದಾ ಕೇಳಿ. ಐದನೇ ಕ್ಲಾಸಿಗೆ ದಿನಾ ಎರಡು ತಾಸು ಟ್ಯೂಷನ್ ನಿಜವಾಗಿಯೂ ಬೇಕಾ? ನನಗಂತೂ ಬೇಕು ಅನ್ನಿಸುವುದಿಲ್ಲ. ಆಗದಿದ್ದರೆ ಟ್ಯೂಷನ್‌ಗೆ ನಡೆದೇ ಹೋಗಲಿ, ಅಥವಾ ಸೈಕಲ್. ಶಾಲೆಯಲ್ಲಿ ಪಿಟಿ ಪಿರಿಯಡ್ ಗಣಿತಕ್ಕೆ ಹೋಗುತ್ತಿದ್ದರೆ ನಾಲ್ಕು ಜನ ಪೋಷಕರು ಸೇರಿ ಕೇಳಿ, ಒಬ್ಬರು ಕೇಳಿದರೆ ನಡೆಯುವುದಿಲ್ಲ.

ಮೊದಲ ದಿನವೇ ಒಂದು ತಾಸು ಓಡಿಸಬೇಡಿ. ಭಾರದ ಮಕ್ಕಳಿಗೆ ಓಟ, ಹಗ್ಗದಾಟ ಎರಡೂ ಮೊದಮೊದಲು ಮಂಡಿಗೆ ಪೆಟ್ಟು, ಮನಸ್ಸಿಗೂ ಪೆಟ್ಟು, ಯಾಕೆಂದರೆ ಎಲ್ಲರಿಗಿಂತ ಹಿಂದೆ ಬೀಳುತ್ತಾರೆ. ಮೊದಲ ಎರಡು ವಾರ 15-20 ನಿಮಿಷ ನಡಿಗೆ ಸಾಕು. ವೇಗ ಎಷ್ಟಿರಬೇಕು ಅಂದರೆ, ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಜೊತೆಗೆ ಅಪ್ಪನೋ ನೀವೋ ಇರಬೇಕು, ಗೇಟಲ್ಲಿ ನಿಂತು 'ಇನ್ನೊಂದು ರೌಂಡ್' ಅನ್ನುವ ಹಾಗಿಲ್ಲ. ಆಮೇಲೆ ಐದೈದು ನಿಮಿಷ ಏರಿಸುತ್ತಾ ಹೋಗಿ. ಸೈಕಲ್, ಈಜು ಎರಡೂ ಒಳ್ಳೆಯದು, ಮಂಡಿಗೆ ಭಾರ ಬೀಳುವುದಿಲ್ಲ. ನೀರಿನಲ್ಲಿ ದಪ್ಪ ಮಕ್ಕಳು ಸಲೀಸಾಗಿ ತೇಲುತ್ತಾರೆ, ಅದೊಂದು ಕಡೆ ಅವರು ಹಿಂದೆ ಬೀಳುವುದಿಲ್ಲ. ಬೀದಿಯಲ್ಲಿ ನಾಲ್ಕು ಮಕ್ಕಳು ಸೇರಿದರೆ ಲಗೋರಿ ಆಡಿಸಿ. ಕಲ್ಲು ಜೋಡಿಸುವುದು, ಬಗ್ಗುವುದು, ಚಿಕ್ಕ ಚಿಕ್ಕ ಓಟ, ನಡುನಡುವೆ ಸುಧಾರಿಸಿಕೊಳ್ಳಲು ಹೊತ್ತು, ಇಂಥ ಹುಡುಗನಿಗೆ ಹೇಳಿ ಮಾಡಿಸಿದ ಆಟ. ಕಬಡ್ಡಿಯಲ್ಲಂತೂ ಅವನ ಭಾರವೇ ಬಲ, ತಂಡದವರು ಕರೆದು ಸೇರಿಸಿಕೊಳ್ಳುತ್ತಾರೆ.

ಜಿಮ್ ಈಗ ಬೇಡ. ತೂಕ ಎತ್ತಿದರೆ ಎತ್ತರ ನಿಲ್ಲುತ್ತದೆ ಅನ್ನುವುದು ಸುಳ್ಳು, ಆ ಹೆದರಿಕೆಯಿಂದ ಹೇಳುತ್ತಿಲ್ಲ. ಹತ್ತು ವರ್ಷಕ್ಕೆ ಟ್ರೆಡ್‌ಮಿಲ್ ಮೇಲೆ ಒಬ್ಬನೇ ನಡೆಯುವುದು ಬೇಸರದ ಕೆಲಸ, ಒಂದು ತಿಂಗಳಿಗೆ ಬಿಡುತ್ತಾನೆ. ಮನೆಯಲ್ಲೇ ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಹತ್ತು ಹತ್ತರಂತೆ ಎರಡು ಸುತ್ತು ಮಾಡಲಿ. ಪ್ರೋಟೀನ್ ಪುಡಿ, ತೂಕ ಇಳಿಸುವ ಚಹಾ, ಪುಡಿ, ಬೆಲ್ಟ್ ಯಾವುದೂ ಮನೆಯೊಳಗೆ ಬರಬಾರದು. ಒಂದು ಎಚ್ಚರಿಕೆ: ಸೊಂಟ, ತೊಡೆ ಅಥವಾ ಮಂಡಿ ನೋವು ಅಂತ ಕುಂಟಲು ಶುರು ಮಾಡಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಭಾರದ ಮಕ್ಕಳಲ್ಲಿ ತೊಡೆ ಮೂಳೆಯ ತಲೆ ಜಾರುವ ಒಂದು ತೊಂದರೆ ಬರುತ್ತದೆ, ಎಷ್ಟೋ ಸಲ ನೋವು ಮಂಡಿಯಲ್ಲಿ ಮಾತ್ರ ಕಾಣುತ್ತದೆ. ಅವತ್ತೇ ಮೂಳೆ ವೈದ್ಯರ ಹತ್ತಿರ ಹೋಗಿ ಸೊಂಟದ ಎಕ್ಸ್‌ರೇ ತೆಗೆಸಿ.

ಮನೆಯಲ್ಲಿ 'ಡುಮ್ಮ', 'ಗುಂಡ' ಅನ್ನುವ ಮಾತು ಇವತ್ತಿಗೇ ನಿಲ್ಲಲಿ, ಮುದ್ದಿಗೂ ಬೇಡ. ಮದುವೆ ಮನೆಯಲ್ಲಿ ಯಾರೋ ಅವನ ಎದುರೇ ಕೆನ್ನೆ ಹಿಂಡಿ 'ಏನ್ ತಿನ್ನಿಸ್ತೀರಿ ಇವನಿಗೆ' ಅಂದರೆ ನೀವು ಸುಮ್ನೆ ನಗಬೇಡಿ, ಅವನು ನಿಮ್ಮ ಮುಖವನ್ನೇ ನೋಡುತ್ತಿರುತ್ತಾನೆ. 'ಚೆನ್ನಾಗಿ ಲಗೋರಿ ಆಡ್ತಾನೆ ಕಣ್ರೀ' ಅಂತ ಮಾತು ಬದಲಿಸಿ. ದಿನಾ ತೂಕದ ಯಂತ್ರ ಹತ್ತಿಸಬೇಡಿ, ತಿಂಗಳಿಗೊಮ್ಮೆ ಸಾಕು. ಬದಲಿಗೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಅವನ ಎತ್ತರ ಗುರುತು ಮಾಡಿ, ಪಕ್ಕದಲ್ಲಿ ತಾರೀಕು ಬರೆಯಿರಿ, ತಂಗಿಯದ್ದೂ ಬರೆಯಿರಿ. ಮೇಲೇರುವ ಗೆರೆ ನೋಡಲು ಮಕ್ಕಳಿಗೆ ಖುಷಿ. ಮೂರು ತಿಂಗಳಿಗೊಮ್ಮೆ ಆ ಎತ್ತರ, ತೂಕ ಹಿಡಿದು ವೈದ್ಯರ ಹತ್ತಿರ ಚಾರ್ಟ್ ಮೇಲೆ ಚುಕ್ಕೆ ಇಡಿಸಿ. ಅವನು ತೀರಾ ಮಂಕಾಗಿ, ಶಾಲೆಗೆ ಹೋಗಲ್ಲ ಅಂದರೆ ಅಥವಾ ಊಟವನ್ನೇ ಬಿಡತೊಡಗಿದರೆ ಅಷ್ಟು ದಿನ ಕಾಯದೆ ಕರೆದುಕೊಂಡು ಹೋಗಿ.

ಬೆಣ್ಣೆ ದೋಸೆ ಬಂದ್ ಮಾಡಬೇಡಿ. ದಾವಣಗೆರೆಯ ಹುಡುಗನಿಗೆ ಅದನ್ನು ತಪ್ಪಿಸುವುದು ನ್ಯಾಯವೂ ಅಲ್ಲ. ತಿಂಗಳಿಗೆ ಎರಡು ಭಾನುವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಆರೂವರೆಗೆ ಮನೆಮಂದಿಯೆಲ್ಲ ಕುಂದವಾಡ ಕೆರೆಗೆ ಹೋಗಿ, ಏರಿ ಮೇಲೆ ಅವನ ಕೈಲಾದಷ್ಟು ನಡೆಯಿರಿ, ಬಿಸಿಲೇರುವ ಮೊದಲು ಹೋಟೆಲ್‌ಗೆ ಬನ್ನಿ. ಅವನಿಗೊಂದು, ತಂಗಿಗೊಂದು, ನಿಮಗೊಂದು. ಪಾರ್ಸಲ್ ಬೇಡ, ಅಲ್ಲೇ ಕೂತು, ಆಲೂಗಡ್ಡೆ ಪಲ್ಯ, ಚಟ್ನಿ ಹಚ್ಚಿಕೊಂಡು ನಿಧಾನಕ್ಕೆ ತಿನ್ನಿ. ಅವನು ತಿನ್ನುವಾಗ ಅವನ ತಟ್ಟೆಯ ಕಡೆ ಯಾರೂ ನೋಡಬೇಡಿ.